ಕಡ್ಡಿ ಹಿಡಿಯಲು ಬಾರದಿದ್ದರೂ ಪರವಾಗಿಲ್ಲ, ಎಂಜಲು ಅಂದರೇನು ಗೊತ್ತಲ್ಲ!

ಹರಪನಹಳ್ಳಿ ತಾಲೂಕಿನ ಹಲವಾಗಲು ಕಡೆಯ ಹುಡುಗನೊಬ್ಬ ಈಚೆಗೆ ಫೋನ್ ಮಾಡಿದ್ದ. ಡಿಪ್ಲೊಮಾ ಮುಗಿಸಿ ಬಿಡದಿ ಹತ್ತಿರ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾನೆ. ಜಪಾನಿನಿಂದ ಬಂದಿರುವ ಹಿರಿಯ ಎಂಜಿನಿಯರ್ ಒಬ್ಬರು ಇವನ ತಂಡವನ್ನೆಲ್ಲ ಬೆಂಗಳೂರಿನ ಜಪಾನಿ ರೆಸ್ಟೋರೆಂಟಿಗೆ ಊಟಕ್ಕೆ ಕರೆದಿದ್ದರಂತೆ. ‘ಅಣ್ಣಾ, ಆ ಕಡ್ಡೀಲಿ ಹೆಂಗ್ ಉಣ್ಬೇಕು? ಎಲ್ಲರ ಮುಂದೆ ಮರ್ಯಾದಿ ಹೋಗಬಾರ್ದು ನೋಡು’ ಅಂದ. ಯೂಟ್ಯೂಬಿನಲ್ಲಿ ಅಷ್ಟೊತ್ತಿಗಾಗಲೇ ನಾಲ್ಕು ವಿಡಿಯೋ ನೋಡಿಯಾಗಿತ್ತು. ಹಾಗೆ ಮಾಡಬಾರದು, ಹೀಗೆ ಮಾಡಬಾರದು ಅಂತ ಮೂವತ್ತು ‘ಬಾರದು’ಗಳನ್ನು ಕೇಳಿ ಹಸಿವೇ ಸತ್ತುಹೋದಂತಿತ್ತು.

ಈ ಅಂಜಿಕೆ ಅವನೊಬ್ಬನದಲ್ಲ. 1997ರಲ್ಲಿ ಟೊಯೋಟಾ ಕಿರ್ಲೋಸ್ಕರ್ ಸ್ಥಾಪನೆಯಾಗಿ ಬಿಡದಿಗೆ ಬಂದ ಮೇಲೆ, 2013ರಲ್ಲಿ ಕೋಲಾರದ ನರಸಾಪುರದಲ್ಲಿ ಹೋಂಡಾ ಸ್ಕೂಟರ್ ಕಾರ್ಖಾನೆ ತೆರೆದ ಮೇಲೆ, ಜಪಾನಿ ಕಂಪನಿಗಳಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಹೆಚ್ಚುತ್ತಲೇ ಇದ್ದಾರೆ. ಬೆಂಗಳೂರಿನಲ್ಲಿ ಪಂಚತಾರಾ ಹೋಟೆಲಿನಿಂದ ಹಿಡಿದು ಇಂದಿರಾನಗರದ ಪುಟ್ಟ ಅಂಗಡಿವರೆಗೆ ಜಪಾನಿ ಊಟ ಸಿಗುತ್ತದೆ. ಆದರೆ ‘ಟೇಬಲ್ ಮ್ಯಾನರ್ಸ್’ ಅನ್ನುವ ಮಾತು ಕೇಳಿದರೆ ಸಾಕು, ಹಳ್ಳಿಯಿಂದ ಬಂದವರ ಕೈ ನಡುಗುತ್ತದೆ. ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಪ್ಲೇಸ್‌ಮೆಂಟ್ ತರಬೇತಿಯ ಹೆಸರಲ್ಲಿ ನಮಗೂ ಖಾಲಿ ತಟ್ಟೆಯ ಮುಂದೆ ಕೂರಿಸಿ ಚಾಕು-ಫೋರ್ಕ್ ಹಿಡಿಯುವುದನ್ನು ಕಲಿಸಿದ್ದರು. ಯಾಕೆ ಹಾಗೆ ಹಿಡಿಯಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ. ಕಾರಣ ಹೇಳದೆ ಕಲಿಸಿದ ನಿಯಮ ಅಂಜಿಕೆಯನ್ನಷ್ಟೇ ಉಳಿಸುತ್ತದೆ.

ಹಾಗಾಗಿ ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇನೆ. ಜಪಾನಿ ಊಟದ ರೀತಿ-ರಿವಾಜುಗಳಲ್ಲಿ ಅರ್ಧದಷ್ಟು ಹಲವಾಗಲಿನ ಯಾವುದೇ ಮನೆಯಲ್ಲಿ ಉಂಡು ಬೆಳೆದವರಿಗೆ ಮೊದಲೇ ಗೊತ್ತಿರುತ್ತದೆ. ಉಳಿದರ್ಧಕ್ಕೆ ಕಾರಣ ತಿಳಿದರೆ ಸಾಕು, ಬಾಯಿಪಾಠ ಬೇಕಿಲ್ಲ.

ಬಾಗಿಲಿನಿಂದ ಮಣೆಯವರೆಗೆ

ಒಳಗೆ ಕಾಲಿಟ್ಟ ಕೂಡಲೇ ಸಿಬ್ಬಂದಿ ‘ಇರಾಶ್ಶಾಯ್‌ಮಾಸೆ’ ಅಂತ ಜೋರಾಗಿ ಕೂಗುತ್ತಾರೆ. ‘ಬರ್ರಿ, ಬರ್ರಿ’ ಅಂದ ಹಾಗೆ. ಇದಕ್ಕೆ ಉತ್ತರ ಕೊಡಬೇಕಿಲ್ಲ, ಒಂದು ನಗೆ ಸಾಕು. ನೆಲದ ಮೇಲೆ ಚಾಪೆ ಹಾಸಿದ ಕೋಣೆ ಇದ್ದರೆ ಚಪ್ಪಲಿ-ಶೂ ಹೊರಗೇ ಬಿಡಬೇಕು. ಇದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಕಾಲುಚೀಲ ತೂತಾಗಿಲ್ಲವೇ ಅಂತ ಒಮ್ಮೆ ನೋಡಿಕೊಂಡು ಹೋದರಾಯಿತು.

ಕೂತ ಮೇಲೆ ಸುತ್ತಿಟ್ಟ ಒದ್ದೆ ಬಟ್ಟೆಯೊಂದು ಬರುತ್ತದೆ. ಅದರ ಹೆಸರು ಒಶಿಬೊರಿ. ನಮ್ಮಲ್ಲಿ ಬಂದವರಿಗೆ ಮೊದಲು ಚರಿಗೆಯಲ್ಲಿ ನೀರು ಕೊಡುವುದಿಲ್ಲವೇ, ಅದೇ ಕೆಲಸ ಇದರದ್ದು. ಕೈ ಒರೆಸಿಕೊಂಡು ಮಡಚಿ ಪಕ್ಕಕ್ಕಿಡಬೇಕು. ಬಿಸಿಲಲ್ಲಿ ಬಂದಿದ್ದೇವೆ ಅಂತ ಅದರಲ್ಲೇ ಮುಖ, ಕತ್ತು ಒರೆಸಿಕೊಳ್ಳುವುದು ಚೆಂದ ಕಾಣುವುದಿಲ್ಲ.

ಊಟ ಬಂದಾಗ ಜಪಾನಿಯರು ಕೈ ಜೋಡಿಸಿ ‘ಇತಾದಾಕಿಮಾಸ್’ ಅನ್ನುತ್ತಾರೆ. ‘ವಿನಯದಿಂದ ಸ್ವೀಕರಿಸುತ್ತೇನೆ’ ಅನ್ನುವುದು ಅದರ ಅರ್ಥ. ಮುಗಿದ ಮೇಲೆ ‘ಗೊಚಿಸೋಸಾಮಾ ದೆಶಿತಾ’ ಅನ್ನುತ್ತಾರೆ. ಈ ಮಾತಿನ ಒಳಗಿರುವ ‘ಚಿಸೋ’ ಎಂಬ ಪದಕ್ಕೆ ಮೂಲದಲ್ಲಿ ಓಡಾಡುವುದು ಅಂತ ಅರ್ಥ. ಈ ಊಟ ಹೊಂದಿಸಲು ಯಾರೋ ಓಡಾಡಿದ್ದಾರೆ, ಅವರಿಗೆ ಕೃತಜ್ಞತೆ ಅನ್ನುವ ಭಾವ. ಉಂಡು ಏಳುವಾಗ ‘ಅನ್ನದಾತಾ ಸುಖೀಭವ’ ಅನ್ನುವವರ ನಾಡಿನಿಂದ ಬಂದ ನಮಗೆ ಇದು ಹೊಸದೇನಲ್ಲ. ಈ ಎರಡು ಮಾತು ಕಲಿತು ಹೋದರೆ ಎದುರು ಕೂತ ಜಪಾನಿ ಹಿರಿಯರ ಮುಖ ಅರಳುವುದು ಖಂಡಿತ.

ಕಡ್ಡಿಯ ನಿಯಮದ ಹಿಂದೆ ಸಾವಿದೆ

ಜಪಾನಿ ಭಾಷೆಯಲ್ಲಿ ಊಟದ ಕಡ್ಡಿಗೆ ಹಾಶಿ ಅನ್ನುತ್ತಾರೆ. ಅದನ್ನು ಹಿಡಿಯಲು ಬಾರದಿದ್ದರೆ ಅವಮಾನವೇನೂ ಇಲ್ಲ. ಚಮಚ ಕೇಳಿದರೆ ಕೊಡುತ್ತಾರೆ. ಆದರೆ ಎರಡು ಕೆಲಸ ಮಾತ್ರ ಮಾಡಬಾರದು.

ಒಂದು, ಅನ್ನದ ಬಟ್ಟಲಲ್ಲಿ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸುವುದು. ಎರಡು, ನಿಮ್ಮ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸುವುದು. ಜಪಾನಿನಲ್ಲಿ ತೀರಿಕೊಂಡವರ ತಲೆಯ ಬಳಿ ಅನ್ನದ ಬಟ್ಟಲಿಟ್ಟು ಅದರಲ್ಲಿ ಕಡ್ಡಿ ನೆಟ್ಟು ನಿಲ್ಲಿಸುತ್ತಾರೆ. ದಹನದ ನಂತರ ಬಂಧುಗಳು ಅಸ್ಥಿಯನ್ನು ಕಡ್ಡಿಗಳಿಂದ ಎತ್ತಿ ಕುಡಿಕೆಗೆ ಹಾಕುತ್ತಾರೆ. ಕಡ್ಡಿಯಿಂದ ಕಡ್ಡಿಗೆ ದಾಟಿಸುವುದು ಆ ವಿಧಿಗೆ ಮೀಸಲು. ಊಟದ ನಡುವೆ ಅದನ್ನೇ ಮಾಡಿದರೆ ಎದುರಿನವರಿಗೆ ಮಸಣ ನೆನಪಾಗುತ್ತದೆ.

ಇದು ಮೂಢನಂಬಿಕೆ ಅಂತ ನಗುವ ಮೊದಲು ನಮ್ಮದನ್ನು ನೆನೆಸಿಕೊಳ್ಳಬೇಕು. ಸಾವಿನ ಮನೆಯಿಂದ ಹೊರಡುವಾಗ ನಾವು ಯಾರೂ ‘ಹೋಗಿ ಬರ್ತೀವಿ’ ಅನ್ನುವುದಿಲ್ಲ, ಸುಮ್ಮನೆ ಎದ್ದು ನಡೆಯುತ್ತೇವೆ. ಅದನ್ನು ನಂಬದವನೂ ಪಾಲಿಸುತ್ತಾನೆ, ಯಾಕೆಂದರೆ ಎದುರಿಗೆ ಅಳುತ್ತಾ ಕೂತವರ ಮನಸ್ಸು ನೋಯಿಸಬಾರದು. ಹಾಶಿಯ ಈ ಎರಡು ನಿಯಮಗಳೂ ಅಷ್ಟೇ.

ಉಳಿದವೆಲ್ಲ ಸಣ್ಣಪುಟ್ಟವು. ಕಡ್ಡಿಯಿಂದ ಯಾರತ್ತಲೂ ತೋರಿಸಬಾರದು, ಬಟ್ಟಲನ್ನು ಕಡ್ಡಿಯಿಂದ ಎಳೆದುಕೊಳ್ಳಬಾರದು, ಯಾವುದನ್ನು ತಿನ್ನಲಿ ಅಂತ ತಟ್ಟೆಗಳ ಮೇಲೆ ಕಡ್ಡಿ ಆಡಿಸುತ್ತಾ ಕೂರಬಾರದು. ಮುರಿದು ಬಳಸುವ ಮರದ ಕಡ್ಡಿಗಳನ್ನು ಒಂದಕ್ಕೊಂದು ಉಜ್ಜಿದರೆ ‘ನಿಮ್ಮ ಕಡ್ಡಿ ಅಗ್ಗದ್ದು, ಸೀಳು ಏಳುತ್ತದೆ’ ಅಂದ ಹಾಗಾಗುತ್ತದೆ. ಊಟದ ನಡುವೆ ಕಡ್ಡಿ ಇಡಲು ಪುಟ್ಟದೊಂದು ಆಧಾರ ಇರುತ್ತದೆ. ಇಲ್ಲದಿದ್ದರೆ ಕಡ್ಡಿ ಬಂದ ಕಾಗದದ ಚೀಲವನ್ನೇ ಮಡಚಿ ಅದರ ಮೇಲೆ ಇಟ್ಟರಾಯಿತು.

ಎಂಜಲು ಅಲ್ಲೂ ಎಂಜಲೇ

ಜಪಾನಿ ಊಟದಲ್ಲಿ ಎಷ್ಟೋ ಪದಾರ್ಥ ಎಲ್ಲರಿಗೂ ಸೇರಿ ಒಂದೇ ತಟ್ಟೆಯಲ್ಲಿ ಬರುತ್ತವೆ. ಬಾಯಿಗೆ ಹಾಕಿದ ಕಡ್ಡಿಯನ್ನು ನೇರವಾಗಿ ಆ ತಟ್ಟೆಗೆ ಹಾಕುವುದು ಸರಿಯಲ್ಲ. ಬಡಿಸಿಕೊಳ್ಳಲೆಂದೇ ಬೇರೆ ಕಡ್ಡಿ, ಬೇರೆ ಪುಟ್ಟ ತಟ್ಟೆ ಇರುತ್ತವೆ. ಇಲ್ಲದಿದ್ದರೆ ಕೇಳಿ ತರಿಸಿಕೊಳ್ಳಬಹುದು. ನಮ್ಮ ಮನೆಗಳಲ್ಲಿ ಉಂಡ ಕೈಯನ್ನು ಅನ್ನದ ಬೋಗುಣಿಗೆ ಹಾಕಿದರೆ ‘ಎಂಜಲ ಕೈ ತೆಗಿ’ ಅಂತ ಅವ್ವ ಬೈಯುವುದಿಲ್ಲವೇ? ಅದೇ ಇದು. ಎಂಜಲು ಅನ್ನುವ ಒಂದು ಪದ ಗೊತ್ತಿದ್ದವನಿಗೆ ಈ ಪಾಠ ಒಂದು ನಿಮಿಷದ್ದು.

ಎಡಗೈ ವಿಷಯದಲ್ಲಿ ಮಾತ್ರ ಅವರದ್ದೂ ನಮ್ಮದೂ ಉಲ್ಟಾ. ನಮ್ಮಲ್ಲಿ ಎಡಗೈ ಊಟಕ್ಕೆ ತಾಗಬಾರದು. ಅಲ್ಲಿ ಎಡಗೈ ಸುಮ್ಮನೆ ತೊಡೆಯ ಮೇಲೆ ಬಿದ್ದಿರಬಾರದು. ಅನ್ನದ ಬಟ್ಟಲು, ಸಾರಿನ ಬಟ್ಟಲನ್ನು ಎಡಗೈಯಲ್ಲಿ ಎತ್ತಿ ಹಿಡಿದೇ ಉಣ್ಣಬೇಕು. ತಟ್ಟೆಯ ಹತ್ತಿರಕ್ಕೆ ತಲೆ ಬಗ್ಗಿಸಿ ತಿಂದರೆ ಅದಕ್ಕೆ ಅವರ ಭಾಷೆಯಲ್ಲಿ ‘ನಾಯಿ ಊಟ’ ಅನ್ನುವ ಹೆಸರೇ ಇದೆ. ಸಾರಿನ ಬಟ್ಟಲಿಗೆ ನೇರವಾಗಿ ಬಾಯಿಟ್ಟು ಕುಡಿಯುವುದೇ ಕ್ರಮ, ನಾವು ಅಂಬಲಿ ಕುಡಿದ ಹಾಗೆ. ದೊಡ್ಡ ತಟ್ಟೆಗಳನ್ನು ಎತ್ತಬೇಕಿಲ್ಲ.

ಸದ್ದಿನ ಬಗ್ಗೆಯೂ ಅಂಜಬೇಕಿಲ್ಲ. ಬಿಸಿ ನೂಡಲ್ಸನ್ನು ಸೊರ್ರನೆ ಎಳೆದುಕೊಂಡು ತಿನ್ನುವುದು ಅಲ್ಲಿ ತಪ್ಪಲ್ಲ. ಗಾಳಿ ಸೇರಿ ಬಿಸಿ ತಗ್ಗುತ್ತದೆ, ಘಮ ಮೂಗಿಗೇರುತ್ತದೆ. ಪಾಯಸ ಸೊರಕ್ಕನೆ ಎಳೆಯುವ ನಮ್ಮ ಹಿರಿಯರು ಅಲ್ಲಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಊಟದ ಮುಂದೆ ಮೂಗು ಸೀನಿ ಒರೆಸಿಕೊಳ್ಳುವುದು ಅಸಹ್ಯ. ವಸಾಬಿ ತಿಂದು ಮೂಗು ಸೋರತೊಡಗಿದರೆ ಎದ್ದು ಹೊರಗೆ ಹೋಗಿ ಬರುವುದು ವಾಸಿ.

ಇನ್ನು ಸುಶಿ. ಹದವಾಗಿ ಹುಳಿ ಬೆರೆಸಿದ ಅನ್ನದ ಉಂಡೆ, ಅದರ ಮೇಲೆ ಮೀನಿನ ತುಂಡು. ಇದನ್ನು ಕೈಯಿಂದಲೇ ತಿನ್ನಬಹುದು! ಕಡ್ಡಿಯ ಭಯ ಇರುವವರಿಗೆ ಇದಕ್ಕಿಂತ ಸಿಹಿಸುದ್ದಿ ಬೇರೆ ಇಲ್ಲ. ಸೋಯಾ ಸಾಸಿಗೆ ಮೀನಿನ ಬದಿಯನ್ನು ಮಾತ್ರ ತುಸು ತಾಗಿಸಬೇಕು. ಅನ್ನದ ಬದಿ ಅದ್ದಿದರೆ ಉಂಡೆ ಒಡೆದು ಬಟ್ಟಲ ತುಂಬ ಅಗುಳು ತೇಲುತ್ತದೆ. ಪಕ್ಕದಲ್ಲಿರುವ ತೆಳುವಾದ ಶುಂಠಿ ಒಂದು ತುತ್ತಿಗೂ ಇನ್ನೊಂದಕ್ಕೂ ನಡುವೆ ಬಾಯಿ ಸ್ವಚ್ಛ ಮಾಡಿಕೊಳ್ಳಲು.

ಸಸ್ಯಾಹಾರಿಗಳಿಗೆ ಒಂದು ಮಾತು

ನಮ್ಮ ಕಡೆ ಮಾಂಸ-ಮೀನು ಮುಟ್ಟದ ಮನೆಗಳು ಬಹಳ ಇವೆ. ಅಂಥವರು ಒಂದು ಸಂಗತಿ ತಿಳಿದಿರಬೇಕು. ಜಪಾನಿ ಅಡುಗೆಯ ತಳಹದಿ ದಾಶಿ ಅನ್ನುವ ಕಟ್ಟು. ಸಾಮಾನ್ಯವಾಗಿ ಇದನ್ನು ಒಣಗಿಸಿ ಹೆರೆದ ಮೀನು ಮತ್ತು ಕಡಲ ಪಾಚಿಯಿಂದ ತೆಗೆಯುತ್ತಾರೆ. ಹಾಗಾಗಿ ತೋಫು, ಈರುಳ್ಳಿ ಎಲೆ ಮಾತ್ರ ಕಾಣುವ ಮಿಸೊ ಸಾರಿನಲ್ಲೂ ಮೀನಿನ ಅಂಶ ಇರಬಹುದು. ‘ಇದು ವೆಜ್ಜಾ?’ ಅಂತ ಕೇಳಿದರೆ ಸಾಲದು, ‘ದಾಶಿಯಲ್ಲಿ ಮೀನು ಇದೆಯಾ?’ ಅಂತಲೇ ಕೇಳಬೇಕು. ಬರೀ ಕಡಲ ಪಾಚಿಯಿಂದ ಮಾಡಿದ ದಾಶಿಯೂ ಇದೆ. ಬೌದ್ಧ ದೇಗುಲಗಳಲ್ಲಿ ಶೋಜಿನ್ ರ್ಯೋರಿ ಅನ್ನುವ ಸಸ್ಯಾಹಾರಿ ಪಾಕಪದ್ಧತಿಯೇ ಬೆಳೆದಿದೆ. ತಿನ್ನದ್ದನ್ನು ಊಟಕ್ಕೆ ಮೊದಲೇ ಹೇಳುವುದು ಅಸಭ್ಯತೆ ಅಲ್ಲ. ತಟ್ಟೆ ಬಂದ ಮೇಲೆ ಮುಖ ಸಿಂಡರಿಸುವುದು, ಪಕ್ಕದವರು ತಿನ್ನುವುದನ್ನು ನೋಡಿ ಮೂಗು ಮುಚ್ಚಿಕೊಳ್ಳುವುದು ಅಸಭ್ಯತೆ.

ತಟ್ಟೆ ತೊಳೆದು ಕುಡಿಯುವವರು

ಬಟ್ಟಲಲ್ಲಿ ಅಗುಳು ಬಿಡಬಾರದು ಅನ್ನುವುದನ್ನು ಜಪಾನಿನಲ್ಲಿ ಮಕ್ಕಳಿಗೆ ಚಿಕ್ಕಂದಿನಿಂದಲೇ ಹೇಳಿಕೊಡುತ್ತಾರೆ. ಇದರ ಬೇರು ಝೆನ್ ಮಠಗಳಲ್ಲೂ ಇದೆ. 13ನೇ ಶತಮಾನದ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವರಿಗೆಂದೇ ಒಂದು ಪುಸ್ತಿಕೆ ಬರೆದ. ಅಕ್ಕಿ ತೊಳೆಯುವುದೂ ಧ್ಯಾನದಷ್ಟೇ ದೊಡ್ಡ ಕೆಲಸ ಅನ್ನುವುದು ಅವನ ನಿಲುವು. ಝೆನ್ ಭಿಕ್ಷುಗಳು ಇಂದಿಗೂ ಊಟವಾದ ಮೇಲೆ ಬಟ್ಟಲಿಗೆ ಬಿಸಿನೀರು ಹಾಕಿಸಿಕೊಂಡು, ತೊಳೆದು, ಆ ನೀರನ್ನು ಕುಡಿಯುತ್ತಾರೆ.

ಇದನ್ನು ಓದುವಾಗ ನಮ್ಮ ಕಡೆಯ ಓದುಗರಿಗೆ ಏನು ನೆನಪಾಗುತ್ತದೆ ಅಂತ ಹೇಳಬೇಕಿಲ್ಲ. ಎಷ್ಟೋ ಲಿಂಗಾಯತ ಮನೆಗಳಲ್ಲಿ ಹಿರಿಯರು ಉಂಡಾದ ಮೇಲೆ ಗಂಗಾಳಕ್ಕೆ ನೀರು ಸುರಿದು, ಬೆರಳಿನಿಂದ ತೊಳೆದು, ಆ ನೀರನ್ನೇ ಕುಡಿದು ಏಳುತ್ತಾರೆ. ಉಣ್ಣುವುದು ಪ್ರಸಾದ, ಪ್ರಸಾದವನ್ನು ಚೆಲ್ಲಬಾರದು. ಪೇಟೆಗೆ ಬಂದ ಮೇಲೆ ಇದನ್ನು ನಾಲ್ಕು ಜನರ ಮುಂದೆ ಮಾಡಲು ನಾಚುವ ಮೊಮ್ಮಕ್ಕಳು ಝೆನ್ ಭಿಕ್ಷುವಿನ ವಿಡಿಯೋ ನೋಡಿ ಬೆರಗಾಗುತ್ತಾರೆ. 2013ರಲ್ಲಿ ಜಪಾನಿನ ಸಾಂಪ್ರದಾಯಿಕ ಆಹಾರ ಪದ್ಧತಿ ಯುನೆಸ್ಕೊ ಪಟ್ಟಿಗೆ ಸೇರಿತು. ಅಜ್ಜನ ಗಂಗಾಳಕ್ಕೆ ಅಂಥ ಪಟ್ಟಿಯ ಹಂಗಿಲ್ಲ ಬಿಡಿ. ಆದರೆ ಅದೂ ಒಂದು ಶಿಷ್ಟಾಚಾರ ಅಂತ ಒಪ್ಪಿಕೊಳ್ಳಲು ನಮಗೇನು ಕಷ್ಟ?

ಹಾಗಾದರೆ ಅವರು ನಾಗರಿಕರು, ನಾವಲ್ಲವೇ?

ಜಪಾನಿಗೆ ಹೋಗಿ ಬಂದವರು ಸಾಮಾನ್ಯವಾಗಿ ಒಂದೇ ಮಾತು ಹೇಳುತ್ತಾರೆ: ‘ಅವರ ಶಿಸ್ತು ನಮಗೆ ಯಾವಾಗ ಬರುತ್ತೋ!’ ಈ ಮಾತು ಪೂರ್ತಿ ನಿಜವಲ್ಲ. ನಿಯಮಗಳಿಗೆ ನಮ್ಮಲ್ಲಿ ಬರವಿಲ್ಲ. ಯಾವ ಕೈ, ಯಾವ ಸಾಲು, ಯಾರ ಪಕ್ಕ ಯಾರು, ಯಾರಿಗೆ ಮೊದಲು ಬಡಿಸಬೇಕು, ಎಲ್ಲಕ್ಕೂ ನಿಯಮವಿದೆ. ಕೇಳಬೇಕಾದ ಪ್ರಶ್ನೆ ಬೇರೆ. ಆ ನಿಯಮ ಯಾರನ್ನು ಕಾಯುತ್ತದೆ?

ಊಟದ ನಿಯಮಗಳನ್ನು ಎರಡು ರಾಶಿ ಮಾಡಬಹುದು. ಪಕ್ಕದಲ್ಲಿ ಕೂತವನಿಗೆ ಅಸಹ್ಯವಾಗದಿರಲಿ, ಅಡುಗೆ ಮಾಡಿದವಳಿಗೆ ಬೇಸರವಾಗದಿರಲಿ, ಅನ್ನ ದಂಡವಾಗದಿರಲಿ ಅನ್ನುವವು ಒಂದು ರಾಶಿ. ಇವನು ನಮ್ಮ ಪಕ್ಕ ಕೂರದಿರಲಿ ಅನ್ನುವವು ಇನ್ನೊಂದು ರಾಶಿ. ಎಂಜಲು ಅನ್ನುವ ಪದ ಎರಡೂ ರಾಶಿಯಲ್ಲಿದೆ. ಉಂಡ ಕೈ ಬೋಗುಣಿಗೆ ಬೇಡ ಅಂದಾಗ ಅದು ಶುಚಿತ್ವ. ತೊಳೆದ ಲೋಟವನ್ನೂ ಒಂದು ಕೇರಿಯವರು ಮುಟ್ಟಬಾರದು ಅಂದಾಗ ಅದು ಜಾತಿ.

ಜಪಾನಿನಲ್ಲೂ ಎರಡನೇ ರಾಶಿ ಇತ್ತು. ಸತ್ತ ದನದ ಚರ್ಮ ಸುಲಿಯುವವರನ್ನು, ಕಸಾಯಿ ಕೆಲಸದವರನ್ನು ಮೈಲಿಗೆಯವರೆಂದು ಊರಾಚೆ ಇಟ್ಟಿದ್ದರು. ಈಗ ಅವರನ್ನು ಬುರಾಕುಮಿನ್ ಅನ್ನುತ್ತಾರೆ. 1871ರಲ್ಲಿ ಸರ್ಕಾರ ಕಾಯ್ದೆಯಿಂದ ಆ ಭೇದ ತೆಗೆದುಹಾಕಿತು. ಕಾಗದದ ಮೇಲೆ ಹೋದದ್ದು ಮನಸ್ಸಿನಿಂದ ಹೋಗಲಿಲ್ಲ. 1922ರಲ್ಲಿ ಅವರು ಕ್ಯೋಟೋದಲ್ಲಿ ಸೇರಿ ಸುಯಿಹೇಶಾ ಎಂಬ ಸಂಘಟನೆ ಕಟ್ಟಿದರು. ಅದಾದ ಐದು ವರ್ಷಕ್ಕೆ, 1927ರಲ್ಲಿ, ಅಂಬೇಡ್ಕರ್ ಮಹಾಡಿನ ಕೆರೆಯ ನೀರು ಮುಟ್ಟಿದರು. ಬುರಾಕು ಭೇದವನ್ನು ಹೋಗಲಾಡಿಸಲು ಜಪಾನ್ 2016ರಲ್ಲೂ ಇನ್ನೊಂದು ಕಾನೂನು ಮಾಡಬೇಕಾಯಿತು. ಕಡ್ಡಿ ಹಿಡಿಯುವ ನಾಜೂಕು ಇದ್ದ ಮಾತ್ರಕ್ಕೆ ಮನುಷ್ಯರ ನಡುವಿನ ಗೆರೆ ತಾನಾಗಿ ಅಳಿಸಿಹೋಗುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ನಮ್ಮ ಕಡೆಗೆ ಬನ್ನಿ. ಹೋಟೆಲಿಗೆ ಯಾರನ್ನೂ ಜಾತಿಯ ಕಾರಣಕ್ಕೆ ತಡೆಯುವಂತಿಲ್ಲ ಅಂತ ಸಂವಿಧಾನದ 15ನೇ ವಿಧಿ ಸ್ಪಷ್ಟವಾಗಿ ಹೇಳುತ್ತದೆ. 17ನೇ ವಿಧಿ ಅಸ್ಪೃಶ್ಯತೆಯನ್ನೇ ರದ್ದು ಮಾಡಿದೆ. ಹಾಗಿದ್ದರೂ ತುಂಗಭದ್ರೆಯ ಆಚೆ ದಡದ ಕೊಪ್ಪಳ ಜಿಲ್ಲೆಯ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿಗೂ ಹೋಟೆಲಿಗೂ ದಲಿತರನ್ನು ಬಿಟ್ಟುಕೊಳ್ಳದ ತಕರಾರು ಆ ಹಿಂಸೆಯ ಹಿಂದಿತ್ತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಬಳಿಕ ಹೈಕೋರ್ಟ್ ಅವರಲ್ಲಿ ಬಹುತೇಕರಿಗೆ ಜಾಮೀನು ನೀಡಿತು. ಹೋಟೆಲಿನ ಬೆಂಚಿನ ಮೇಲೆ ಕೂತು ಒಂದು ಲೋಟ ಚಹಾ ಕುಡಿಯುವ ಹಕ್ಕಿನ ಬೆಲೆ ನಮ್ಮ ಸೀಮೆಯಲ್ಲಿ ಇಷ್ಟಿದೆ.

ಇದೇ ಸೀಮೆಯಲ್ಲಿ ಇನ್ನೊಂದು ಚಿತ್ರವೂ ಇದೆ. ಕೊಟ್ಟೂರಿನ ಗುರುಬಸವೇಶ್ವರನ ತೇರಿಗೆ ದೂರದೂರಿಂದ ಜನ ನಡೆದು ಬರುತ್ತಾರೆ. ದಾರಿಯುದ್ದಕ್ಕೂ ಹಳ್ಳಿಗಳವರು ನಿಂತು ಕರೆದು ಊಟ ಹಾಕುತ್ತಾರೆ. ಬಿಸಿಲಲ್ಲಿ ನಡೆದು ಬಂದವನ ಜಾತಿ ಕೇಳುತ್ತಾ ನಿಂತರೆ ಆ ದಾಸೋಹ ನಡೆಯುವುದೇ ಇಲ್ಲ. ದಲಿತ ಮುತ್ತೈದೆಯರು ಆರತಿ ಬೆಳಗಿದ ಮೇಲೆಯೇ ಅಲ್ಲಿನ ತೇರು ಹೊರಡುವುದು ಸಂಪ್ರದಾಯ. ತೇರಿನ ದಿನ ಸಾಧ್ಯವಾದದ್ದು ಉಳಿದ ದಿನ ಯಾಕೆ ಕಷ್ಟ ಅನ್ನುವುದು ನಮ್ಮ ಮುಂದಿರುವ ನಿಜವಾದ ಶಿಷ್ಟಾಚಾರದ ಪ್ರಶ್ನೆ.

ಬಡಿಸುವವರ ಮುಖ ನೋಡಿ

ಜಪಾನಿ ರೆಸ್ಟೋರೆಂಟಿಗೆ ವಾಪಸ್ ಬರೋಣ. ಯಾವ ವಿಡಿಯೋದಲ್ಲೂ ಒತ್ತಿ ಹೇಳದ ನಿಯಮವೊಂದು ಅಲ್ಲಿದೆ. ಬೆಂಗಳೂರಿನ ಇಂಥ ಹೋಟೆಲುಗಳಲ್ಲಿ ಬಡಿಸುವವರು, ಅಡುಗೆಮನೆಯಲ್ಲಿರುವವರು ಬಹಳಷ್ಟು ಮಂದಿ ಮಣಿಪುರ, ನಾಗಾಲ್ಯಾಂಡ್, ಮಿಜೋರಾಂ, ಡಾರ್ಜಿಲಿಂಗ್ ಕಡೆಯವರು. ಜಪಾನಿ ಉಡುಪು ತೊಡಿಸಿದ್ದಾರೆ ಅಂತ ಅವರನ್ನು ‘ಜಪಾನಿಂದ ಬಂದಿದ್ದೀರಾ?’ ಅಂತ ಕೇಳುವುದು, ಅವರ ಕಣ್ಣು-ಮೂಗಿನ ಬಗ್ಗೆ ನಗಾಡುವುದು ಆ ಟೇಬಲ್ಲುಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. 2012ರ ಆಗಸ್ಟಿನಲ್ಲಿ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ರಾತ್ರೋರಾತ್ರಿ ರೈಲು ಹತ್ತಿದ ಊರು ಇದು. ಚಿಟಿಕೆ ಹೊಡೆದು ‘ಏಯ್’ ಅಂತ ಕರೆಯುವವನು ಎಷ್ಟು ಅಂದವಾಗಿ ಕಡ್ಡಿ ಹಿಡಿದರೂ ಅಸಭ್ಯನೇ. ಜಪಾನಿನಲ್ಲಿ ಬಡಿಸುವವರನ್ನು ‘ಸುಮಿಮಾಸೆನ್’ ಅಂತ ಕರೆಯುತ್ತಾರೆ. ‘ಕ್ಷಮಿಸಿ’ ಅಂದ ಹಾಗೆ. ಇಲ್ಲಿ ‘ಅಣ್ಣಾ’, ‘ಅಕ್ಕಾ’ ಅಂದರೂ ನಡೆಯುತ್ತದೆ.

ಕೊನೆಗೆ ದುಡ್ಡಿನ ಮಾತು. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ. ಮೇಜಿನ ಮೇಲೆ ಬಿಟ್ಟು ಬಂದರೆ ‘ಮರೆತಿರಿ’ ಅಂತ ಹಿಂದೆ ಓಡಿ ಬಂದು ವಾಪಸ್ ಕೊಟ್ಟರೂ ಕೊಟ್ಟಾರು. ಬೆಂಗಳೂರಿನಲ್ಲಿ ಕೊಡುವುದು ನಿಮ್ಮಿಷ್ಟ. ಪಾನೀಯ ಬಂದಾಗ ನಿಮ್ಮ ಲೋಟಕ್ಕೆ ನೀವೇ ಸುರಿದುಕೊಳ್ಳಬೇಡಿ, ಪಕ್ಕದವರ ಲೋಟ ತುಂಬಿಸಿ. ಅವರು ನಿಮ್ಮದನ್ನು ತುಂಬಿಸುತ್ತಾರೆ. ಎಲ್ಲರ ಕೈಗೂ ಬರುವವರೆಗೆ ಕಾದು, ‘ಕಾಂಪಾಯ್’ ಅಂದು ಒಟ್ಟಿಗೆ ಎತ್ತುತ್ತಾರೆ. ಮದ್ಯ ಮುಟ್ಟದವರು ಚಹಾ ಲೋಟ ಎತ್ತಿದರೂ ಯಾರೂ ತಪ್ಪು ತಿಳಿಯುವುದಿಲ್ಲ.

ನಿನ್ನ ಲೋಟವನ್ನು ಪಕ್ಕದವನು ತುಂಬಿಸುತ್ತಾನೆ, ನೀನು ಅವನದ್ದನ್ನು ನೋಡಿಕೋ. ಜಪಾನಿ ಊಟದಿಂದ ಒಂದೇ ಒಂದು ಪದ್ಧತಿಯನ್ನು ಊರಿಗೆ ಒಯ್ಯಬಹುದಾದರೆ ಇದನ್ನು ಒಯ್ಯಬೇಕು. ಆದರೆ ಅದಕ್ಕೆ ಮೊದಲು ಊರಿನ ಚಹಾದಂಗಡಿಯಲ್ಲಿ ಎಲ್ಲರ ಲೋಟಗಳೂ ಒಂದೇ ಹಲಗೆಯ ಮೇಲೆ ಇರಬೇಕು.